ಕೆಮ್ಮಿನ ಕಾರಣ ಹೇಳುವ ಪೆಟ್ಟಿಗೆ

"ಇದರ ಮುಂದೆ ಯಾರು ಕೆಮ್ಮಿದರೂ ಕಾರಣ ಹೇಳ್ತೈತೆ," ಎಂದು ಎರ್ರಿಸ್ವಾಮಿ ಮಾವ ಹೆಮ್ಮೆಯಿಂದ ತನ್ನ ಪೆಟ್ಟಿಗೆಯನ್ನು ತೊಟ್ಟಿಲ ಪಕ್ಕದಲ್ಲಿಟ್ಟ. ನನ್ನ ಎಂಟು ತಿಂಗಳ ಮಗಳು ಇಂಚರಳಿಗೆ ಒಣಕೆಮ್ಮು ಹಿಡಿದು ಅಂದಿಗೆ ಐದು ದಿನವಾಗಿತ್ತು.

ಮಾವ ನನ್ನ ಅಮ್ಮನ ತಮ್ಮ. ಬಳ್ಳಾರಿಯಲ್ಲಿ ಮೈಕ್‌ಸೆಟ್ ರಿಪೇರಿ ಮಾಡುತ್ತ, ಬಿಡುವಿನಲ್ಲಿ ಯಾರಿಗೂ ಬೇಡವಾದ ಯಂತ್ರಗಳನ್ನು ಮೂವತ್ತು ವರ್ಷದಿಂದ ಕಂಡುಹಿಡಿಯುತ್ತಿದ್ದ.

ಡಾಕ್ಟರು ಮೊದಲ ದಿನವೇ ಮಗುವನ್ನು ನೋಡಿದ್ದರು. ಕಫವಿಲ್ಲ, ಜ್ವರವಿಲ್ಲ, ಮನೆಯ ಗಾಳಿಯಲ್ಲಿರುವ ಏನೋ ಒಂದು ಗಂಟಲನ್ನು ಕೆರಳಿಸುತ್ತಿದೆ, ಹುಡುಕಿ ದೂರವಿಡಿ, ಹಾಲು ಚೆನ್ನಾಗಿ ಕುಡಿಸಿ, ಉಸಿರಾಟ ಜೋರಾದರೆ ತಕ್ಷಣ ಕರೆತನ್ನಿ ಎಂದಿದ್ದರು. ಸ್ನಾನವಾದ ಮೇಲೆ ಅಮ್ಮ ದಿನಾ ಮಗುವಿಗೆ ಹಾಕುವ ಧೂಪದ ಮೇಲೆಯೇ ನನ್ನ ಹೆಂಡತಿ ಅನ್ನಪೂರ್ಣಳಿಗೆ ಅನುಮಾನ. ಅಮ್ಮನಿಗೆ ಹೇಳುವ ಕೆಲಸ ಮಾತ್ರ ನನ್ನದು. ಐದೂ ದಿನ ಹೇಳಲೆಂದು ಹೋಗಿ, ಕಾಫಿ ಕುಡಿದು ಬಂದಿದ್ದೆ.

ಇಂಚರ ಕೆಮ್ಮಿದಳು. ಪೆಟ್ಟಿಗೆಯ ಕೊಳವೆ ಬುಸ್ಸೆಂದು ಗಾಳಿ ಎಳೆದುಕೊಂಡಿತು. ಬಸ್ ನಿಲ್ದಾಣದಲ್ಲಿ ಕೇಳಿಸುವಂಥ ಹೆಣ್ಣುದನಿ ಮನೆ ನಡುಗುವಂತೆ ಮೊಳಗಿತು: "ದಯವಿಟ್ಟು ಗಮನಿಸಿ. ಕೆಮ್ಮಿಗೆ ಕಾರಣ, ಪೌಡರ್."

ಪೌಡರ್ ಡಬ್ಬಿ ಅಂಗಳಕ್ಕೆ ಹೋಯಿತು. ಮಗು ಮತ್ತೆ ಕೆಮ್ಮಿತು. ಈ ಸಲ ಸೊಳ್ಳೆಬತ್ತಿ. ಆಮೇಲೆ ಒಗ್ಗರಣೆಯ ಮೆಣಸಿನಕಾಯಿ, ಕಂಬಳಿ, ಫ್ಯಾನಿನ ಮೇಲಿನ ಧೂಳು. ಮಧ್ಯಾಹ್ನದ ಹೊತ್ತಿಗೆ ಒಲೆ ಆರಿತ್ತು, ಅರ್ಧ ಮನೆ ಅಂಗಳದಲ್ಲಿತ್ತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಮುಂದಿನದು ಯಾವುದೆಂದು ವಿಚಾರಿಸತೊಡಗಿದರು. ಮಗುವಿನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಪ್ರತಿ ಕೆಮ್ಮಿಗೂ ಅದರ ಪುಟ್ಟ ಮುಖ ಕೆಂಪಾಗುತ್ತಿತ್ತು. ಅನ್ನಪೂರ್ಣ ನನ್ನನ್ನೇ ದಿಟ್ಟಿಸಿ ನೋಡಿದಳು.

ತೊಟ್ಟಿಲ ಬಳಿ ಅಮ್ಮ ಮಗುವಿನ ಬಟ್ಟೆ ಮಡಚುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡೆ.

"ದಯವಿಟ್ಟು ಗಮನಿಸಿ," ಎಂದಿತು ಪೆಟ್ಟಿಗೆ. "ಧೂಳಿಲ್ಲ, ಹೊಗೆಯಿಲ್ಲ. ಕಾರಣ, ತಾಯಿಯ ಭಯ."

ಗೋಡೆಯಾಚೆ ಯಾರೋ ಕಿಸಕ್ಕೆಂದರು. ಭಯದ ಬೆವರಿಗೂ ಒಂದು ವಾಸನೆ ಇದೆಯೆಂದು ಮಾವ ಉತ್ಸಾಹದಿಂದ ವಿವರಿಸತೊಡಗಿದ.

"ನನ್ನ ಕಂಡ್ರೆ ಏನಪ್ಪ ಭಯ ನಿನಿಗೆ?" ಎಂದು ಅಮ್ಮ ಕೇಳಿದಳು.

ಅಷ್ಟರಲ್ಲಿ ಮಗು ಅತ್ತಿತು. ಅಮ್ಮ ಎತ್ತಿಕೊಂಡಳು. ಮಗು ಅವಳ ಸೆರಗಿನಲ್ಲಿ ಮುಖ ಹುದುಗಿಸಿ, ಬಿಡದೆ ಕೆಮ್ಮಿತು.

"ಕಾರಣ, ಅಜ್ಜಿ."

ಮಾವ ಓಡಿಹೋಗಿ ವೈರ್ ಕಿತ್ತ.

"ಅಕ್ಕಾ, ಮಿಷನ್ ಕೆಟ್ಟೈತೆ," ಎಂದ. ತನ್ನ ಯಂತ್ರವೊಂದು ಕೆಟ್ಟಿದೆಯೆಂದು ಅವನು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಮ್ಮ ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಸೆರಗಿನ ತುಂಬ ಧೂಪದ ವಾಸನೆ.

"ಕೆಟ್ಟಿಲ್ಲ ಬಿಡೋ," ಎಂದಳು ಕೊನೆಗೆ. "ಇವನಿಗೂ ದಿನಾ ಧೂಪ ಹಾಕ್ತಿದ್ದೆ. ಇವನೂ ಕೆಮ್ಮಿಕೊಂತಾನೇ ಬೆಳೆದ."

ಮಗುವನ್ನು ಸೊಸೆಯ ಕೈಗಿತ್ತು, ಧೂಪದ ಮಡಕೆಯನ್ನು ತಾನೇ ಹೊರಗಿಟ್ಟು, ಸ್ನಾನ ಮಾಡಿ ಬೇರೆ ಸೀರೆ ಉಟ್ಟು ಬಂದಳು. ಮೂರನೆಯ ದಿನ ಇಂಚರಳ ಕೆಮ್ಮು ನಿಂತಿತು. ಧೂಪವಿಲ್ಲದೆ ಮಗುವಿನ ಕೂದಲು ಒರೆಸುವಾಗ ಅಮ್ಮನ ಕೈ ಈಗಲೂ ಅರೆಕ್ಷಣ ತಡೆಯುತ್ತದೆ.

ಅಕ್ಕನೇ ಮೆಚ್ಚಿದ ಯಂತ್ರವೆಂದು ಮಾವನಿಗೆ ಹುರುಪು ಬಂತು. ವೈರ್ ಮತ್ತೆ ಜೋಡಿಸಿ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ. ಮಗುವನ್ನು ನೋಡಲು ಬಂದ ಪಕ್ಕದ ಮನೆಯ ರುದ್ರಪ್ಪ, ಕೂರುವ ಮೊದಲು ಸಣ್ಣಗೆ ಕೆಮ್ಮಿದರು.

"ದಯವಿಟ್ಟು ಗಮನಿಸಿ. ಕಾರಣ, ಈಗ ತಾನೆ ಕದ್ದು ಸೇದಿದ ಬೀಡಿ."

ಅವರ ಹೆಂಡತಿ ಹಿಂದೆಯೇ ನಿಂತಿದ್ದರು. ಗಂಡ ಬೀಡಿ ಬಿಟ್ಟು ಎರಡು ವರ್ಷವಾಯಿತೆಂದು ಆಕೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಈಗ ನಮ್ಮ ಓಣಿಯ ದೊಡ್ಡವರು ಕೆಮ್ಮು ಬಂದರೆ ತಡೆದುಕೊಂಡು, ಮುಂದಿನ ಬೀದಿಗೆ ಹೋಗಿ ಕೆಮ್ಮಿ ಬರುತ್ತಾರೆ.