ಮಾವನ ಎರಡನೆಯ ಬ್ಯಾಟರಿ

ಬ್ಯಾಟರಿ ಸಿಡಿಯಬಹುದಿತ್ತು. ಆ್ಯಸಿಡ್ ಚೆಲ್ಲಿ ಸೀಟಿನ ಜೊತೆಗೆ ನನ್ನ ಪ್ಯಾಂಟೂ ತೂತಾಗಬಹುದಿತ್ತು. ವೈರು ಕಾದು ಗಾಡಿಗೆ ಬೆಂಕಿ ಹತ್ತಬಹುದಿತ್ತು. ಅದು ಪಕ್ಕದ ಸ್ಕೂಟರಿಗೆ ದಾಟಿ, ಸ್ಕೂಟರಿನಿಂದ ಇಡೀ ಕಾಲೊನಿಗೆ ಹಬ್ಬಬಹುದಿತ್ತು. ಪೊಲೀಸರು ಬಂದು, ಇಷ್ಟೊಂದು ವೈರು ಯಾಕೆಂದು ಕೇಳಿ, ಮೊದಲು ನನ್ನನ್ನೇ ಹಿಡಿಯಬಹುದಿತ್ತು. ನನ್ನ ಮುಖವೇ ಹಾಗಿದೆ. ನಾನು ಮಾವ ಎಂದು ಕರೆಯುವ ಅಕ್ಕನ ಗಂಡ ತಮ್ಮ ವ್ಯಾನಿನಲ್ಲಿ ಎರಡನೆಯ ಬ್ಯಾಟರಿ ಕೂಡಿಸಿದ ದಿನದಿಂದ ನಾನು ಇವನ್ನೆಲ್ಲ ಒಂದೊಂದಾಗಿ ಕಾಯುತ್ತಿದ್ದೆ. ಐವತ್ತು ದಾಟಿದ ಮನುಷ್ಯನಿಗೆ ಬೇರೆ ಹವ್ಯಾಸ ಏನಿರುತ್ತದೆ ಹೇಳಿ?

ಹೈದರಾಬಾದಿಗೆ ಕಂಪ್ಯೂಟರ್ ಕಂಪನಿಗಳನ್ನು ತಂದವರು ಯಾರೋ ನನಗೆ ಗೊತ್ತಿಲ್ಲ. ಅವು ನಡೆಯುತ್ತಿರುವುದು ಮಾತ್ರ ತಮ್ಮ ಬ್ಯಾಟರಿಯ ಮೇಲೆ ಎಂದು ಮಾವ ನಂಬಿದ್ದರು. ಸರ್ಕಾರಿ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಸನತ್‌ನಗರದಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಡ್ರೈವರ್ ಸೀಟಿನ ಹಿಂದೆ ಲಾರಿಯದೊಂದು ಬ್ಯಾಟರಿ, ಅದರ ಮೇಲೊಂದು ಹಲಗೆ, ಹಲಗೆಯ ತುಂಬ ಮೊಬೈಲು, ಲ್ಯಾಪ್‌ಟಾಪು, ಕ್ಯಾಮೆರಾಗಳಿಗೆ ಚುಚ್ಚುವ ಜಾಗಗಳು.

"ಎಂಜಿನ್ ಬ್ಯಾಟರಿ ಬ್ಯಾರೆ, ಇದು ಬ್ಯಾರೆ. ಗಾಡಿ ಓಡಿದಾಗ ಇದು ಉಣ್ಣತೈತಿ, ನಿಂತಾಗ ಬಡಸತೈತಿ," ಎನ್ನುತ್ತಿದ್ದರು. ಕೇಳಿದವರಿಗೂ, ಕೇಳದವರಿಗೂ.

ಒಮ್ಮೆ ಕಂಪನಿ ಬಸ್ಸಿಗೆ ಕಾಯುತ್ತಿದ್ದ ಮೈಸೂರಿನ ತರುಣನೊಬ್ಬ ಚಾರ್ಜಿಗೆ ಲ್ಯಾಪ್‌ಟಾಪ್ ಕೊಟ್ಟ. ಮಾವ ವಿವರಿಸತೊಡಗಿದರು. ಬಸ್ಸು ಬಂತು, ಹೋಯಿತು. ಕೊನೆಗೆ ಇವರೇ ಅವನನ್ನು ಆಫೀಸಿಗೆ ಬಿಟ್ಟುಬಂದರು. ಲ್ಯಾಪ್‌ಟಾಪ್ ತುಂಬಿತ್ತು, ಮೀಟಿಂಗ್ ಮುಗಿದಿತ್ತು.

ಇನ್ನೊಮ್ಮೆ ಮೆಹದಿಪಟ್ಟಣಂ ಮಾರ್ಕೆಟ್ಟಿನಿಂದ ಮಾವನ ವ್ಯಾನಿನಲ್ಲಿ ಬರುವಾಗ ನನ್ನ ಹೆಂಡತಿ ಐದು ಕಿಲೋ ಉಳ್ಳಾಗಡ್ಡಿಯನ್ನು ಹಿಂದೆ ಇಡಹೋದಳು.

"ಅಲ್ಲಿ ಬ್ಯಾಡ್ರಿ, ಬ್ಯಾಟರಿಗೆ ಗಾಳಿ ಬೇಕು."

"ನಮಗ ಬ್ಯಾಡೇನ್ರಿ ಅಣ್ಣಾರ?"

"ನೀವು ಕಿಡಕಿ ತಗೀಬಹುದಲ್ರಿ. ಅದು ತಗೀತದೇನು?"

ಮನೆ ಮುಟ್ಟುವವರೆಗೆ ಚೀಲ ನನ್ನ ತೊಡೆಯ ಮೇಲಿತ್ತು. ಆ ಸಿಟ್ಟು ಇಳಿಯುವ ಮೊದಲೇ ನಿಜವಾದ ಸಿಟ್ಟಿನ ದಿನ ಬಂತು.

ಓದು ಮುಗಿಸಿ ವರ್ಷವಾದರೂ ಕೆಲಸ ಸಿಗದೆ ಮಂಕಾಗಿದ್ದ ನನ್ನ ಮಗಳಿಗೆ ಅಂದು ಹನ್ನೊಂದಕ್ಕೆ ಫೋನಿನಲ್ಲೇ ಇಂಟರ್‌ವ್ಯೂ. ಹಿಂದಿನ ಸಂಜೆಯಿಂದ ಕರೆಂಟಿಲ್ಲ. ಮನೆಯ ಬೇರೆ ಫೋನುಗಳೆಲ್ಲ ಸತ್ತಿದ್ದವು. ಅವಳದು ಕೊನೆಯುಸಿರು ಎಳೆಯುತ್ತಿತ್ತು. ಬೇರೆ ದಾರಿ ಕಾಣದೆ ವ್ಯಾನಿನತ್ತ ಓಡಿದೆವು. ಚಾರ್ಜರ್ ಚುಚ್ಚಿದರೆ ದೀಪವೇ ಬರಲಿಲ್ಲ. ಹಲಗೆಯ ಸ್ವಿಚ್ಚಿಗೆ ಒಂದು ಕೆಂಪು ಚೀಟಿ ಕಟ್ಟಿತ್ತು.

ಅದು ಮಾವ ಕಾರ್ಖಾನೆಯಿಂದ ತಂದ ಕಾನೂನು. ರಿಪೇರಿಗೆ ಇಳಿಯುವವರು ಸ್ವಿಚ್ ಆರಿಸಿ ಚೀಟಿ ಕಟ್ಟಬೇಕು, ಕಟ್ಟಿದವರೇ ಬಿಚ್ಚಬೇಕು. ದೊಡ್ಡ ಸಾಹೇಬರು ಬಂದರೂ ಮುಟ್ಟುವಂತಿಲ್ಲ.

"ಮಾವಾರ, ಲಗೂನ ಸ್ವಿಚ್ ಹಾಕ್ರಿ. ಇನ್ನ ಐದು ನಿಮಿಷ ಐತಿ."

"ಹಾಕಾಕ ಬರಂಗಿಲ್ಲ. ಚೀಟಿ ನಿಮ್ಮಕ್ಕಂದೈತಿ."

"ಅಕ್ಕ ಎಲ್ಲಿ?"

"ಬ್ಯಾಟರಿಗೆ ನೀರು ಹಾಕಾಕತ್ತಿದ್ಲು. ಡಬ್ಬಿ ಖಾಲಿ ಆತು, ತರಾಕ ಹೋಗ್ಯಾಳ."

"ಫೋನ್ ಮಾಡ್ರಿ ಹಂಗಾರ."

ಮಾವ ಹಲಗೆಯತ್ತ ಕೈ ತೋರಿಸಿದರು. ಅಕ್ಕನ ಫೋನು ಅಲ್ಲೇ ನೇತಾಡುತ್ತಿತ್ತು, ಚಾರ್ಜಿಗೆ.

"ಗಾಡಿ ನಿಮ್ದು, ಬ್ಯಾಟರಿ ನಿಮ್ದು, ಸ್ವಿಚ್ಚೂ ನಿಮ್ದ!"

"ಚೀಟಿ ಅಕಿದು."

ಮಗಳ ಫೋನು ಕುಂಯ್ ಎಂದಿತು. ಅವಳು ನನ್ನ ಮುಖ ನೋಡಿದಳು. ಮಾವನ ಮೇಲಿನ ಇಪ್ಪತ್ತೈದು ವರ್ಷಗಳ ಸಿಟ್ಟು ಒಟ್ಟಿಗೆ ಕೈಗೆ ಬಂತು. ಚೀಟಿಯನ್ನು ಹಿಡಿದೆಳೆದೆ, ದಾರ ಹರಿಯಿತು. ಸ್ವಿಚ್ ಒತ್ತಿದೆ. ದೀಪ ಬಂತು, ಹಿಂದೆಯೇ ಇಂಟರ್‌ವ್ಯೂ ಕರೆಯೂ ಬಂತು. ಮಗಳು ವ್ಯಾನಿನ ಬಾಗಿಲೆಳೆದುಕೊಂಡು ಮಾತಿಗೆ ಕುಳಿತಳು.

ಗೆದ್ದವನಂತೆ ತಿರುಗಿದರೆ ಮಾವ ಪಕ್ಕದಲ್ಲಿಲ್ಲ. ಅವರು ಯಾರನ್ನೋ ಹುಡುಕುವಂತೆ ವ್ಯಾನಿನ ಹಿಂದೆ ಬಗ್ಗಿ ನೋಡಿ, ಅಂಗಳದಲ್ಲಿ ಇಣುಕಿ, ಒಂದೇ ಕಾಲಿನ ಚಪ್ಪಲಿಯಲ್ಲಿ ಗಲ್ಲಿ ಹಿಡಿದು ಓಡಿದರು. "ಈಗ ಚಾಡಿ ಹೇಳಾಕ ಹೊಂಟ್ರೇನು?" ಎಂದು ಬಯ್ಯುತ್ತಲೇ ನಾನೂ ಹಿಂದೆ ಹೋದೆ.

ತಿರುವಿನಲ್ಲಿ ಅಕ್ಕ ನೀರಿನ ಡಬ್ಬಿ ಹಿಡಿದು ಬರುತ್ತಿದ್ದಳು. ಮಾವ ಡಬ್ಬಿ ಕಸಿದು ನೆಲಕ್ಕಿಟ್ಟರು.

"ಕೈ ತೋರ್ಸು."

"ಏನಾತ್ರೀ?"

"ಏನಿಲ್ಲ. ತೋರ್ಸು."

ಅವಳ ಎರಡೂ ಅಂಗೈಗಳನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಅಷ್ಟು ದೂರದಲ್ಲಿದ್ದವಳಿಗೆ, ಅದೂ ಹನ್ನೆರಡು ವೋಲ್ಟಿನಿಂದ, ಏನಾಗುತ್ತದೆ? ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಷ್ಟಿಯಲ್ಲಿದ್ದ ಚೀಟಿ ನೋಡಿ ಅವಳಿಗೆ ತಿಳಿಯಿತು.

"ಫ್ಯಾಕ್ಟರ್ಯಾಗ ಒಮ್ಮಿ ಇವ್ರು ಕಟ್ಟಿದ ಚೀಟಿ ಯಾರೋ ಅವಸರದಾಗ ಹರದು ಸ್ವಿಚ್ ಹಾಕಿದ್ರು," ಎಂದಳು, ಮೆಲ್ಲಗೆ. "ಇವ್ರ ಜೋಡಿ ಕೆಲ್ಸಾ ಮಾಡಾವ ಮಷಿನ್ ಒಳಗಿದ್ದ. ಮನಿಗೆ ಬರ್ಲಿಲ್ಲ."

ಇಷ್ಟು ವರ್ಷ ಎಲ್ಲದಕ್ಕೂ ಹೆದರಿದ ನನಗೆ ಹೆದರಬೇಕಾದದ್ದು ಇದೆಂದು ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಗಳ ಮಾತು ಮುಕ್ಕಾಲು ಗಂಟೆ ನಡೆಯಿತು, ನಡುವೆ ಒಮ್ಮೆಯೂ ಕಡಿಯಲಿಲ್ಲ. ಮುಂದಿನ ಸುತ್ತಿಗೆ ಕರೆದರಂತೆ. ಕೆಟ್ಟದ್ದು ಗೇಣುದ್ದದ ದಾರ ಮಾತ್ರ. ಮಾವ ಮೆಟ್ಟಿಲ ಮೇಲೆ ಕುಳಿತು ಹೊಸ ದಾರವನ್ನು ಚೀಟಿಯ ತೂತಿಗೆ ಪೋಣಿಸಲು ನೋಡಿದರು; ದಾರದ ತುದಿ ಬಿಚ್ಚಿಕೊಂಡು ಒಳಗೆ ಹೋಗಲಿಲ್ಲ. ನಾನು ಇಸಿದುಕೊಂಡು, ತುದಿ ಎಂಜಲು ಮಾಡಿ, ಪೋಣಿಸಿಕೊಟ್ಟೆ.