ಅರ್ಧ ತಾಳ ತಡವಾದ ಏಟು

ಸಂತ ದಿಮಿತ್ರಿಯ ದಿನ ಬೆಳಿಗ್ಗೆ ಗೋಗಾ ಮೊದಲು ಮಾಡಿದ ಕೆಲಸ ಸಂತನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದ್ದಲ್ಲ, ನೆಲಮಾಳಿಗೆಯ ಬೀಗದ ಕೈಯನ್ನು ಏಪ್ರನ್ನಿನ ದಾರಕ್ಕೆ ಕಟ್ಟಿಕೊಂಡದ್ದು. ಗಂಡ ಮೊಮಿರ್ ಅದನ್ನು ನೋಡಿದ. ಅವನು ನೋಡಲಿ ಎಂದೇ ಅವಳು ಎದುರಿಗೆ ನಿಂತು ಕಟ್ಟಿಕೊಂಡಿದ್ದಳು.

"ಇವತ್ತು ಮನೆಗೆ ಬಂದ ಅತಿಥಿ ಜೊತೆ ಹಾಡಿನ ವಿಷಯಕ್ಕೆ ಜಗಳ ಆಡಿದೆ ಅಂದ್ರೆ, ನಿನ್ನ ನಾನೂರ ಹನ್ನೆರಡು ರೆಕಾರ್ಡೂ ಸಂಜೆಗೇ ಕೆಳಗೆ ಹೋಗ್ತವೆ. ಗ್ರಾಮಫೋನೂ ಜೊತೆಗೆ ಹೋಗುತ್ತೆ. ಈಗ್ಲೇ ಹೇಳಿದೀನಿ."

ಆ ನೆಲಮಾಳಿಗೆಯ ಸಂಗತಿ ಮೊಮಿರ್‌ಗೆ ಚೆನ್ನಾಗಿ ಗೊತ್ತಿತ್ತು. ವಸಂತದಲ್ಲಿ ನೀರು ನುಗ್ಗಿ ಹೋದಮೇಲೆ ಅಲ್ಲಿಟ್ಟ ಬೂಟುಗಳಿಗೂ ಬೂಷ್ಟಿನ ಗಡ್ಡ ಬಂದಿತ್ತು. ಅಲ್ಲಿಗೆ ಹೋದ ರೆಕಾರ್ಡು ಒಂದು ಚಳಿಗಾಲವೂ ಉಳಿಯುವುದಿಲ್ಲ. ಆದರೆ ಗೋಗಾಳ ಮಾತಿಗೂ ಕಾರಣವಿತ್ತು. ಹೋದ ವರ್ಷ ಇದೇ ಹಬ್ಬದ ದಿನ ಮೊದಲ ಮಹಡಿಯ ಹಲ್ಲಿನ ಡಾಕ್ಟರ್ ಸ್ಟೆವಾ, ಎಂಬತ್ತರ ದಶಕದ 'ಹೊಸ ಅಲೆ' ರಾಕ್ ತಂಡದವರು ಮೂರು ನಿಮಿಷದಲ್ಲಿ ಹೇಳಿದ್ದನ್ನು ಎಪ್ಪತ್ತರವರು ಅರ್ಧ ಗಂಟೆ ಗಿಟಾರ್ ಕೆರೆದರೂ ಹೇಳಲಿಲ್ಲ ಎಂದಿದ್ದ. ಹೊಸ ಅಲೆಗೂ ಸ್ಟೆವಾನ ಹಲ್ಲು ಕೊರೆಯುವ ಯಂತ್ರಕ್ಕೂ ಸದ್ದಿನಲ್ಲಿ ವ್ಯತ್ಯಾಸವಿಲ್ಲ ಎಂದು ಮೊಮಿರ್ ಕೂಗಾಡಿದ್ದ. ಸ್ಟೆವಾ ಮಾಂಸದ ತುಂಡಿಗೆ ಚುಚ್ಚಿದ ಫೋರ್ಕನ್ನು ಹಾಗೆಯೇ ಬಿಟ್ಟು ಎದ್ದುಹೋದ. ಸಂತನ ಹಬ್ಬದಲ್ಲಿ ಅತಿಥಿಯೊಬ್ಬ ತಟ್ಟೆ ತುಂಬ ಊಟ ಬಿಟ್ಟು ಹೋದ ಸುದ್ದಿಯನ್ನು ಆ ಕಟ್ಟಡದವರು ಈಸ್ಟರ್ ತನಕ ಅಗಿದರು.

ಮೊಮಿರ್ ಮೂವತ್ತೆಂಟು ವರ್ಷ ಸೊಂಬೋರ್ ಊರಿನ ಬಸ್ಸು ಓಡಿಸಿದವನು. ಬಸ್ಸಿನಲ್ಲಿ ಅವನು ಹಾಕಿದ್ದೇ ಹಾಡು, ಬೇಡದವರು ಇಳಿದು ನಡೆಯಬೇಕಿತ್ತು. ಎದುರು ಮಾತು ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಅವನ ಪ್ರಕಾರ ರಾಕ್ ಸಂಗೀತ ಎಂಬುದು ಎಪ್ಪತ್ತರಲ್ಲಿ ಹುಟ್ಟಿ ಎಪ್ಪತ್ತೊಂಬತ್ತರಲ್ಲಿ ಸತ್ತಿತು. ಆ ಹತ್ತು ವರ್ಷದೊಳಗೂ ಅವನು ಎದ್ದು ನಿಂತು ಗೌರವ ಕೊಡುತ್ತಿದ್ದದ್ದು ಒಂದೇ ತಂಡಕ್ಕೆ, 'ಕಪ್ಪು ಹುಂಜ'ಕ್ಕೆ. ಊರಿನದೇ ನಾಲ್ಕು ಹುಡುಗರು, ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಪ್ಪತ್ತೈದರಲ್ಲಿ ಒಂದು ಸಂಜೆ ಹಾಡಿ ಅದನ್ನೇ ರೆಕಾರ್ಡು ಮಾಡಿದ್ದರು. ಹದಿನಾರರ ಮೊಮಿರ್ ಮುಂದಿನ ಸಾಲಿನಲ್ಲಿದ್ದ. ಮೂರನೇ ಹಾಡಿನ ಕೊನೆಗೆ ಕೇಳಿಸುವ ಸಿಳ್ಳೆ ಅವನದೇ. ಅದೇ ಹಾಡಿನ ನಡುವೆ ಒಂದು ಕಡೆ ಡ್ರಮ್ಮಿನ ಏಟು ಅರ್ಧ ತಾಳ ತಡವಾಗಿ ಬೀಳುತ್ತದೆ. ಆ ಅರ್ಧ ತಾಳದಲ್ಲೇ ಇಡೀ ಎಪ್ಪತ್ತರ ದಶಕ ಇದೆ, ಮನುಷ್ಯ ಉಸಿರು ಹಿಡಿದು ನಿಂತ ಕ್ಷಣ ಅದು, ಯಂತ್ರಕ್ಕೆ ಅದು ಬರುವುದಿಲ್ಲ ಎಂದು ಅವನು ಐವತ್ತು ವರ್ಷದಿಂದ ವಾದಿಸುತ್ತ ಬಂದಿದ್ದ. ರೆಕಾರ್ಡಿನ ಕವರಿಗೆ ಕಟ್ಟು ಹಾಕಿಸಿ ಊಟದ ಮೇಜಿನ ಮೇಲಿನ ಗೋಡೆಗೆ ನೇತುಹಾಕಿದ್ದ. ಕವರಿನಲ್ಲಿ ಸೊಂಟದ ತನಕ ಕೂದಲು ಬಿಟ್ಟ ನಾಲ್ವರು, ಮುಖವೆಲ್ಲ ಗಡ್ಡ. "ಈ ನಾಲ್ಕು ಜನರನ್ನ ಕತ್ತಲಲ್ಲಿ ನಿಲ್ಲಿಸಿ, ಗುರುತು ಹಿಡೀತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಒಂಬತ್ತು ಗಂಟೆಗೆ ಝಾರ್ಕೊ ಫೋನು ಮಾಡಿದ. ಝಾರ್ಕೊ ಇವರ ಕುಮ್, ಅಂದರೆ ಮದುವೆಗೆ ಸಾಕ್ಷಿ ನಿಂತವನು. ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ತಾನು ನೋವಿ ಸಾದ್‌ನಿಂದ ಹೊರಡುವುದು ತಡವಾಗುತ್ತದೆ, ಬರುವುದು ಸಂಜೆಗೆ, ಆದರೆ ಮೊಮಿರ್‌ಗೆಂದು ಒಂದು ಉಡುಗೊರೆ ಮೊದಲೇ ಬರುತ್ತದೆ ಎಂದ. ಏನು ಎಂದು ಕೇಳಿದರೆ ನಕ್ಕು ಫೋನಿಟ್ಟ. ಗ್ರಾಮಫೋನಿನ ಹೊಸ ಮುಳ್ಳೇ ಇರಬೇಕೆಂದು ಮೊಮಿರ್ ಲೆಕ್ಕ ಹಾಕಿದ.

ಮನೆತನದ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರುವವರು ಬರುತ್ತಾರೆ. ಬಂದವರಿಗೆ ಬಾಗಿಲಲ್ಲೇ ಒಂದು ಚಮಚ ಸಿಹಿಗೋಧಿ, ಒಂದು ಗುಟುಕು ಹಣ್ಣಿನ ಸಾರಾಯಿ ರಾಕಿಯಾ, ಆಮೇಲೆ ಊಟ. ನೀನು ಯಾರು, ಯಾಕೆ ಬಂದೆ ಎಂದು ಕೇಳುವುದು ಮನೆಗೇ ಅವಮಾನ. ಮನೆಯ ಯಜಮಾನ ಕೊನೆಯ ಅತಿಥಿ ಹೋಗುವ ತನಕ ಕೂರುವಂತಿಲ್ಲ, ಮೇಣದ ಬತ್ತಿ ಉರಿದು ಮುಗಿಯುವ ತನಕ ಮನೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಗೋಗಾ ಈ ಸಲ ಮೂರು ಬೆರಳು ದಪ್ಪದ ಬತ್ತಿ ತಂದಿದ್ದಳು.

ಮೊದಲು ಬಂದವಳು ಕೆಳಗಿನ ಮನೆಯ ದೆಸಾಂಕಾ ಅಜ್ಜಿ. ಅವಳ ಹಿಂದೆಯೇ ಒಬ್ಬ ಸಣ್ಣಗಿನ ಮುದುಕ ಬಂದ. ಬೋಳು ತಲೆ, ನುಣ್ಣಗೆ ಕ್ಷೌರ ಮಾಡಿದ ಮುಖ, ಬೂದು ಕೋಟು. ಕೈಯಲ್ಲಿದ್ದ ಚಪ್ಪಟೆ ಚೀಲವನ್ನು ಕೋಟಿನ ಗೂಟಕ್ಕೆ ನೇತುಹಾಕಿ, ಗೋಧಿ ತಿಂದು, ಮೊಮಿರ್‌ನ ಮುಖವನ್ನು ಒಂದು ನಿಮಿಷ ನೋಡಿ, ಹೋಗಿ ಆ ಕವರಿನ ಕೆಳಗೇ ಕುಳಿತ. ಇವನು ಹೆಂಡತಿಯ ಸುಬೋತಿತ್ಸಾ ಊರಿನ ನೆಂಟ ಎಂದುಕೊಂಡ ಮೊಮಿರ್. ಬಸ್ ಡಿಪೋದ ಗುಮಾಸ್ತ ಎಂದುಕೊಂಡಳು ಗೋಗಾ.

ಆಮೇಲೆ ಗೋಗಾಳ ತಮ್ಮ ಬೊಜಾ ಬಂದ. ಅವನದು ಹೆವಿ ಮೆಟಲ್ ಪಂಗಡ. ಕಿವಿಯಿಂದ ರಕ್ತ ಬರದಿದ್ದರೆ ಅದು ಸಂಗೀತವೇ ಅಲ್ಲ. ಎಲ್ಲರಿಗಿಂತ ಕೊನೆಗೆ, ಒಂದು ಬಾಟಲಿ ವೈನು ಹಿಡಿದು, ಹೊಸ ಟೈ ಕಟ್ಟಿ ಸ್ಟೆವಾ ಬಂದ. ಬಾರದೆ ಇರುತ್ತಾನೆಯೇ? ಬೀಗದ ಕೈಯ ಸುದ್ದಿ ಗೋಗಾಳಿಂದ ಅಜ್ಜಿಗೆ, ಅಜ್ಜಿಯಿಂದ ಇಡೀ ಮೆಟ್ಟಿಲಿಗೆ ಆಗಲೇ ಹೋಗಿತ್ತು. ತಿರುಗಿ ಕಚ್ಚಲಾರದ ನಾಯಿಯ ಬಾಲ ಎಳೆಯುವ ಖುಷಿ ವರ್ಷಕ್ಕೊಮ್ಮೆ ಸಿಕ್ಕರೆ ಯಾರು ಬಿಡುತ್ತಾರೆ?

ಸಾರು ಮುಗಿಯುವ ಮೊದಲೇ ಶುರುವಾಯಿತು. ಅರವತ್ತರ ಹುಡುಗರೇ ಲಕ್ಷಣ, ಕುತ್ತಿಗೆಗೆ ಟೈ ಕಟ್ಟಿ ಹಾಡುತ್ತಿದ್ದರು, ಆಮೇಲೆ ಬಂದವರು ತಲೆ ಸಹ ತೊಳೆಯುತ್ತಿರಲಿಲ್ಲ ಎಂದಳು ಅಜ್ಜಿ. ಮೊಮಿರ್ ಹಲ್ಲು ಕಚ್ಚಿ ಅವಳ ತಟ್ಟೆಗೆ ಎಲೆಕೋಸಿನಲ್ಲಿ ಮಾಂಸ ಸುತ್ತಿದ ಸರ್ಮಾ ಬಡಿಸಿದ, ಒಂದಲ್ಲ, ಆರು. ಮೆಟಲ್ ಬಂದ ಮೇಲೆಯೇ ಗಿಟಾರಿಗೆ ಗಂಡಸುತನ ಬಂದದ್ದು ಎಂದ ಬೊಜಾ. ಮೊಮಿರ್ ಅವನ ಲೋಟಕ್ಕೆ ರಾಕಿಯಾ ಸುರಿದ. ಲೋಟ ತುಂಬಿ ಮೇಜಿನ ಬಟ್ಟೆ ತೊಯ್ದು ಬೊಜಾನ ತೊಡೆಗೆ ಇಳಿದರೂ ಸುರಿಯುತ್ತಲೇ ಇದ್ದ. ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೂ ಎಪ್ಪತ್ತರ ದಶಕ ಒಂದು ದೊಡ್ಡ ಆಕಳಿಕೆ ಎಂಬ ಒಂದು ವಿಷಯದಲ್ಲಿ ಮೂವರೂ ಒಂದಾದರು. ಅಂಥದ್ದೊಂದು ಹಾಡು ಮುಗಿಯುವುದರೊಳಗೆ ತಾನು ನಲವತ್ತು ಸರ್ಮಾ ಸುತ್ತಿ ಒಲೆಗೆ ಇಟ್ಟಿದ್ದೆ ಎಂದು ಅಜ್ಜಿ ಲೆಕ್ಕ ಕೊಟ್ಟಳು.

ಮೊಮಿರ್ ಬಾಯಿ ತೆರೆದಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ಬೀಗದ ಕೈ ಕಿಣಿ ಎನ್ನುತ್ತಿತ್ತು. ಅವನು ಬಾಯಿ ಮುಚ್ಚಿ ಹುರಿದ ಹಂದಿಮಾಂಸ ಕತ್ತರಿಸುತ್ತಿದ್ದ. ಕತ್ತರಿಸಿದ ರಭಸಕ್ಕೆ ಮೂಳೆಯೂ ಮಣೆಯೂ ಒಟ್ಟಿಗೆ ಸೀಳಿದವು.

"ಏನಯ್ಯಾ ಮೊಮಿರ್, ಮಾತೇ ಇಲ್ಲ?" ಎಂದ ಸ್ಟೆವಾ. "ಮೌನ ಅಂದ್ರೆ ಒಪ್ಪಿಗೆ ಅಂತ ತಿಳ್ಕೋತೀವಿ."

"ಇನ್ನೊಂದು ತುಂಡು ಹಾಕ್ಲಾ ಸ್ಟೆವಾ?" ಎಂದ ಮೊಮಿರ್. ಕುತ್ತಿಗೆಯ ನರ ಹಗ್ಗದಷ್ಟು ದಪ್ಪವಾಗಿತ್ತು.

ಅಷ್ಟರಲ್ಲಿ ಸ್ಟೆವಾನ ಕಣ್ಣು ಸುಮ್ಮನೆ ತಿನ್ನುತ್ತಿದ್ದ ಮುದುಕನ ಮೇಲೆ ಬಿತ್ತು. ನೀವು ಏನೂ ಹೇಳಲಿಲ್ಲವಲ್ಲ, ನಿಮ್ಮ ತಲೆಯ ಮೇಲೆ ತೂಗುತ್ತಿರುವ ಹುಂಜದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ. ಮುದುಕ ಬಾಯೊರೆಸಿಕೊಂಡು ಕತ್ತೆತ್ತಿ ಕವರನ್ನು ನೋಡಿದ. ಆಮೇಲೆ ಮೊಮಿರ್‌ನ ಕಡೆ ತಿರುಗಿ, ಏನನ್ನೋ ಕಾಯುವವನ ಹಾಗೆ ಸ್ವಲ್ಪ ತಡೆದ. ಮೊಮಿರ್ ಉಪ್ಪಿನಕಾಯಿ ಮುಂದಿಟ್ಟ.

"ಮೂರನೇ ಹಾಡಲ್ಲಿ ಡ್ರಮ್ಮು ತಡವಾಗುತ್ತಲ್ಲ," ಎಂದ ಮುದುಕ ಮೆಲ್ಲಗೆ. "ಅದು ತಪ್ಪು. ಕ್ಯಾಂಟೀನಿನ ಹಬೆಗೆ ಕೈ ಬೆವೆತು ಕೋಲು ಜಾರಿತ್ತು, ಅಷ್ಟೇ. ತಾಳ ಅಂದ್ರೆ ಏನು ಅಂತ ಎಲ್ರೂ ಸರಿಯಾಗಿ ಕಲಿತದ್ದು ಎಂಬತ್ತರಲ್ಲೇ."

ಸ್ಟೆವಾ ಎದ್ದು ನಿಂತು ಮುದುಕನ ಕೈ ಕುಲುಕಿದ. ಬೀಗದ ಕೈ ಈ ಸಲ ಎರಡು ಬಾರಿ ಕಿಣಿಗುಟ್ಟಿತು. ಮೊಮಿರ್ ಬಡಿಸುವ ಚಮಚ ಕೆಳಗಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಎರಡು ನಿಮಿಷ ಕಿರುಚಿದ. ಹೊರಗೆ ಬಂದು ಎಲ್ಲರಿಗೂ ಕೇಕು ಕೊಟ್ಟ.

ನಾಲ್ಕೂವರೆಗೆ ಬೆಳಕು ಇಳಿಯುತ್ತ ಬಂತು. ಬೊಜಾ ಒದ್ದೆ ಪ್ಯಾಂಟಿನಲ್ಲೇ ಹೋದ. ಅಜ್ಜಿಯ ಕೈಹಿಡಿದು ಮೆಟ್ಟಿಲಿಳಿಸಲು, ಜೊತೆಗೊಂದು ತಟ್ಟೆ ಕೇಕು ಕೊಡಲು ಗೋಗಾ ಕೆಳಗೆ ಹೋದಳು. ಸ್ಟೆವಾ ಅದೇ ಕಟ್ಟಡದ ಅಂಗಳದಾಚೆಯ ಮೂರನೇ ಬಾಗಿಲಿಗೆ ಹೊರಟಿದ್ದ. ಅಲ್ಲಿ ಅಂಚೆ ಕಚೇರಿಯ ರಾಟ್ಕೊ ಮನೆಯಲ್ಲೂ ಇದೇ ಸಂತನ ಹಬ್ಬ.

"ಆ ಮುದುಕ ನಿನ್ನ ಕಡೆಯವನಾ?" ಎಂದು ಮೊಮಿರ್ ಬಾಗಿಲಲ್ಲಿ ಪಿಸುಗುಟ್ಟಿದ.

ಇಲ್ಲವಲ್ಲ, ನಿಮ್ಮ ನೆಂಟ ಎಂದುಕೊಂಡೆ ಎಂದ ಸ್ಟೆವಾ. ಗೋಗಾಳಂತೂ ಮಧ್ಯಾಹ್ನವೇ ಆ ಡಿಪೋದ ಗುಮಾಸ್ತನಿಗೆ ಇನ್ನಷ್ಟು ಬಡಿಸು ಎಂದಿದ್ದಳು. ಡಿಪೋದ ಎಲ್ಲ ಗುಮಾಸ್ತರನ್ನೂ ಮೊಮಿರ್ ಬಲ್ಲ, ಇವನು ಅವರಲ್ಲಿ ಒಬ್ಬನಲ್ಲ. ಹಾಗಾದರೆ ಇವನು ಯಾರ ಅತಿಥಿಯೂ ಅಲ್ಲ. ಅಂಗಳದಿಂದ ಇವರ ಮೆಟ್ಟಿಲಿಗೆ ಬರುವ ಎರಡನೇ ಬಾಗಿಲಿಗೂ ಆ ಮೂರನೇ ಬಾಗಿಲಿಗೂ ಒಂದೇ ಬಣ್ಣ, ಒಂದೇ ಹಿಡಿ. ಮುದುಕ ರಾಟ್ಕೊನ ಮನೆಗೆ ಹೊರಟವನು ದಾರಿ ತಪ್ಪಿ ಇಲ್ಲಿ ಕೂತು ನಾಲ್ಕು ಗಂಟೆ ತಿಂದಿದ್ದಾನೆ. ಅತಿಥಿಯಲ್ಲದವನ ಜೊತೆ ಜಗಳ ಆಡಬಾರದೆಂದು ಹೆಂಡತಿ ಹೇಳಿಲ್ಲ. ಈ ಯೋಚನೆ ಬಂದದ್ದೇ ಮೊಮಿರ್‌ಗೆ ಬೆಳಗಿನಿಂದ ಎದೆಗೆ ಕಟ್ಟಿದ್ದ ಕಲ್ಲು ಇಳಿದಂತಾಯಿತು.

ಒಳಗೆ ಹೋಗಿ ಮೇಜಿಗೆ ಗುದ್ದಿದ.

"ಕೋಲು ಜಾರಿತ್ತಾ? ಏನು ಗೊತ್ರೀ ನಿಮಗೆ? ನಾಲ್ಕು ಗಂಟೆ ಹೊತ್ತು ನನ್ನ ಉಪ್ಪು ತಿಂದು ನನ್ನ ಹುಂಜಕ್ಕೇ ಉಗೀತೀರಲ್ಲ. ಆ ಸಂಜೆ ನೀವು ಅಲ್ಲಿದ್ರಾ?"

"ಇದ್ದೆ," ಎಂದ ಮುದುಕ.

"ಸುಳ್ಳು. ಮುಂದಿನ ಸಾಲಲ್ಲಿ ನಾನಿದ್ದೆ. ಅಲ್ಲಿದ್ದ ಒಂದೊಂದು ಮುಖವೂ ನನಗೆ ನೆನಪಿದೆ, ನಿಮ್ಮದಿರಲಿಲ್ಲ."

ಮುದುಕ ಏನೋ ಹೇಳಲು ಹೋದ. ಮೊಮಿರ್ ಬಿಡಲಿಲ್ಲ. ಅಜ್ಜಿಗೆ ಹೇಳಬೇಕಿದ್ದದ್ದು, ಬೊಜಾನಿಗೆ ಉಳಿಸಿಟ್ಟದ್ದು, ಹೋದ ವರ್ಷದಿಂದ ಸ್ಟೆವಾನಿಗೆಂದು ಮಸೆದಿಟ್ಟದ್ದು ಎಲ್ಲವನ್ನೂ ಆ ಬೋಳು ತಲೆಯ ಮೇಲೆ ಸುರಿದ. ಕಿವಿ ಇಲ್ಲದವನು, ಹೃದಯ ಇಲ್ಲದವನು, ತಾಳಕ್ಕೂ ಗಡಿಯಾರಕ್ಕೂ ವ್ಯತ್ಯಾಸ ತಿಳಿಯದವನು ಎಂದ. ಡ್ರಮ್ಮಿನ ಹತ್ತಿರ ನಿಂತು ನೋಡಿದ ಮುಖವೇ ಇದಲ್ಲ ಎಂದ. ಕೋಟನ್ನು ತಾನೇ ತಂದು ತೊಡಿಸಿ, "ನೀವು ಹುಡುಕ್ತಿರೋ ಮನೆ ಮೂರನೇ ಬಾಗಿಲು, ಹೋಗಿ" ಎಂದು ಹೊರಗೆ ಕಳಿಸಿದ.

ಮುದುಕ ಹೊಸಿಲಾಚೆ ನಿಂತು ಕೋಟಿನ ಗುಂಡಿ ಹಾಕಿಕೊಂಡ. "ಇಷ್ಟು ಹೊತ್ತೂ ಆ ಪಟದ ಕೆಳಗೇ ಕೂತಿದ್ದೆನಪ್ಪ," ಎಂದಷ್ಟೇ ಹೇಳಿ ಇಳಿದುಹೋದ.

ಗೋಗಾ ಮೆಟ್ಟಿಲಲ್ಲಿ ಅವನಿಗೆ ಎದುರಾಗಿ ಬಂದಳು. ಗದ್ದಲ ಅವಳಿಗೂ ಕೇಳಿಸಿತ್ತು, ಕೈ ಆಗಲೇ ಏಪ್ರನ್ನಿನ ದಾರದ ಮೇಲಿತ್ತು. ಮೊಮಿರ್ ನ್ಯಾಯವಾದಿಯ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದ. ನಿನ್ನವನಲ್ಲ, ನನ್ನವನಲ್ಲ, ಬಾಗಿಲು ತಪ್ಪಿ ಬಂದವನು, ಆದ್ದರಿಂದ ಅತಿಥಿಯಲ್ಲ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಮಾತು ಮಾತೇ, ಕೈಯನ್ನು ದಾರದಿಂದ ತೆಗೆದಳು. ಮೊಮಿರ್ ಬೆಳಗಿನಿಂದ ಮೊದಲ ಸಲ ಕುರ್ಚಿ ಎಳೆದು ಕುಳಿತ. ಕಾಲು ಚಾಚಿದ. ಇಡೀ ಸೊಂಬೋರ್‌ನಲ್ಲಿ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಐದು ನಿಮಿಷವಾಗಿರಬೇಕು. ಝಾರ್ಕೊ ಏದುಸಿರು ಬಿಡುತ್ತ ಹೂವು ಹಿಡಿದು ನುಗ್ಗಿದ. ಗೋಧಿಯನ್ನೂ ತಿನ್ನದೆ ಕೋಣೆಯ ಮೂಲೆ ಮೂಲೆ ನೋಡಿದ.

"ಎಲ್ಲಿ ಅವನು? ಗುರುತು ಹಿಡಿದೆಯಾ ಇಲ್ವಾ?"

"ಯಾರು?"

"ನನ್ನ ಉಡುಗೊರೆ ಕಣೋ. ಹುಂಜದ ಡ್ರಮ್ಮಿನವನು. ನಲವತ್ತು ವರ್ಷ ಜರ್ಮನಿಯಲ್ಲಿದ್ದು ಈಗ ವಾಪಸ್ ಬಂದಿದಾನೆ. ಕತ್ತಲಲ್ಲೂ ಗುರುತು ಹಿಡಿಯೋ ಒಬ್ಬ ಇದಾನೆ, ನೀನಾಗಿ ಹೆಸರು ಹೇಳಬೇಡ, ಮಜಾ ನೋಡು ಅಂತ ನಾನೇ ಹೇಳಿ ಕಳಿಸಿದ್ದೆ."

ಮೊಮಿರ್ ಕುರ್ಚಿಯಿಂದ ಎದ್ದ. ಅವನ ಕಣ್ಣು ಕೋಟಿನ ಗೂಟಕ್ಕೆ ಹೋಯಿತು. ಕೋಟು ತೊಡಿಸುವ ಅವಸರದಲ್ಲಿ ಅವನು ಕೊಡಲು ಮರೆತಿದ್ದ ಚಪ್ಪಟೆ ಚೀಲ ಅಲ್ಲೇ ತೂಗುತ್ತಿತ್ತು. ಗೋಗಾ ಅದನ್ನು ಬಿಚ್ಚಿದಳು. ಒಳಗೆ ಕಾಲು ಕಿಲೋ ಕಾಫಿಪುಡಿ, ಜೊತೆಗೊಂದು ರೆಕಾರ್ಡು. ಕಪ್ಪು ಹುಂಜದ ಎರಡನೇ ರೆಕಾರ್ಡು, ಅಂಥದ್ದೊಂದು ಇದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹ್ಯಾಂಬರ್ಗ್, ಸಾವಿರದ ಒಂಬೈನೂರ ಎಂಬತ್ತನಾಲ್ಕು. ಕವರಿನಲ್ಲಿ ಕೂದಲು ಗಿಡ್ಡ ಕತ್ತರಿಸಿ ಸಣ್ಣ ಟೈ ಕಟ್ಟಿದ ನಾಲ್ವರು. ಮೂಲೆಯಲ್ಲಿ ಹೊಸ ಶಾಯಿಯ ಬರಹ: 'ನಮ್ಮನ್ನು ಕತ್ತಲಲ್ಲೂ ಗುರುತು ಹಿಡಿಯುವ ಮೊಮಿರ್‌ಗೆ. ಒಳ್ಳೆಯ ರೆಕಾರ್ಡು ಇದು.'

ಗೋಗಾ ಅದನ್ನು ಎರಡು ಸಲ ಓದಿದಳು. "ಅತಿಥಿ," ಎಂದಳು. ಬೀಗದ ಕೈ ದಾರದಿಂದ ಬಿಚ್ಚಿಕೊಂಡು ರೆಕಾರ್ಡುಗಳ ಮೊದಲ ಪೆಟ್ಟಿಗೆ ಎತ್ತಲು ಬಗ್ಗಿದಳು.

ಮೊಮಿರ್ ಬಾಗಿಲಿಗೆ ಓಡಿದ. ಮುದುಕನನ್ನು ಓಡಿ ಹಿಡಿದು ಕಾಲಿಗೆ ಬೀಳಬೇಕು, ತಡೆದು ನಿಲ್ಲಿಸಬೇಕು. ಹೊಸಿಲಲ್ಲಿ ಝಾರ್ಕೊ ಅಡ್ಡ ನಿಂತು ಬತ್ತಿಯ ಕಡೆ ಬೆರಳು ತೋರಿಸಿದ. ಮೂರು ಬೆರಳು ದಪ್ಪದ ಬತ್ತಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಮೊಮಿರ್ ಕಿಟಕಿ ತೆರೆದು ಅಂಗಳಕ್ಕೆ ಕತ್ತು ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ಮೂರನೇ ಬಾಗಿಲಿನ ಮೇಲೆ ರಾಟ್ಕೊನ ಕಿಟಕಿ ತೆರೆದಿತ್ತು, ದೀಪ ಬೆಳಗುತ್ತಿತ್ತು. ಹೋಗಿ ಎಂದ ಕಡೆಗೇ ಮುದುಕ ಹೋಗಿದ್ದ, ಅವರೂ ಯಾರೆಂದು ಕೇಳದೆ ಕೂರಿಸಿದ್ದರು. ಮಾತು ಕೇಳಿಸುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು. ಆಮೇಲೆ ನಗು ನಿಂತಿತು. ಎರಡು ಫೋರ್ಕುಗಳು ಮೇಜಿನ ಅಂಚಿನ ಮೇಲೆ ತಾಳ ಹಾಕತೊಡಗಿದವು.

ಎರಡೇ ಏಟಿಗೆ ಮೊಮಿರ್‌ಗೆ ಗುರುತು ಸಿಕ್ಕಿತು. ಮೂರನೇ ಹಾಡು. ಅವನು ಕಿಟಕಿಯ ಚೌಕಟ್ಟು ಹಿಡಿದು ಆ ಜಾಗ ಬರುವುದನ್ನೇ ಉಸಿರು ಕಟ್ಟಿ ಕಾದ. ಬಂತು. ಏಟು ತನ್ನ ಹೊತ್ತಿಗೆ ಸರಿಯಾಗಿ ಬಿತ್ತು, ಒಂದು ಕೂದಲೆಳೆಯೂ ತಡವಿಲ್ಲ.

ಹಾಡು ಮುಗಿದಾಗ ರಾಟ್ಕೊನ ಮನೆಯಿಂದ ಒಂದು ಉದ್ದನೆಯ ಸಿಳ್ಳೆ ಕೇಳಿಸಿತು. ಅದು ಸ್ಟೆವಾನದಾಗಿತ್ತು.