ಪೆಟ್ಟಿಗೆ ಬಿಚ್ಚದ ಮೇಷ್ಟ್ರು

ನಮ್ಮ ಮನೆಯಲ್ಲಿ ಕೊನೆಯ ತೀರ್ಮಾನ ಯಾವತ್ತೂ ನನ್ನದೇ. ಡೊಂಬಿವಲಿ ವೆಸ್ಟಿನ ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಅವಳ ಹೆಸರೇ ಶ್ರೀಮತಿ. ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ.

"ಈ ಹೋಮ್‌ಸ್ಕೂಲ್ ಪೆಟ್ಟಿಗೆಗಳದ್ದು ಇವತ್ತು ಇತ್ಯರ್ಥ ಮಾಡ್ತೇನೆ. ಇಟ್ಟುಕೊಳ್ಳುವುದಾ, ಮಾರುವುದಾ ಅಂತ ದೀರ್ಘವಾಗಿ ಆಲೋಚಿಸಿ..."

"ಮಾರಿ," ಎಂದಳು ಶ್ರೀಮತಿ.

ಹೀಗೆ ನಾನು ತೀರ್ಮಾನಕ್ಕೆ ಬಂದೆ.

ಪೆಟ್ಟಿಗೆಗಳ ಕಥೆ ಹೇಳಬೇಕು. ಮಗಳು ಸಂಜನಾ ಮೂರನೇ ಕ್ಲಾಸಿಗೆ ಹೋದಾಗ ನಾನು ಕನ್ನಡದಲ್ಲಿ ಕೇಳಿದ ಮಗ್ಗಿಗೆ ಹಿಂದಿಯಲ್ಲಿ ಉತ್ತರ ಕೊಟ್ಟಳು. ನನ್ನ ನೆತ್ತರು ಕುದಿಯಿತು! ಇವಳನ್ನು ಶಾಲೆ ಬಿಡಿಸಿ ಮನೆಯಲ್ಲೇ, ಕನ್ನಡದಲ್ಲೇ ಕಲಿಸುತ್ತೇನೆಂದು ಬೆಂಗಳೂರಿನಿಂದ ಇಡೀ ಪಠ್ಯಕ್ರಮ ತರಿಸಿದೆ. ಗಣಿತ, ವಿಜ್ಞಾನ, ಭೂಪಟ, ಅಭ್ಯಾಸ ಪುಸ್ತಕ, ಒಂದು ಪುಟ್ಟ ಭೂಗೋಳ ಕೂಡ. "ಅವಳನ್ನು ಶಾಲೆ ಬಿಡಿಸಿದ್ರೆ ನಾನು ನಿಮ್ಮನ್ನು ಆಫೀಸು ಬಿಡಿಸ್ತೇನೆ," ಎಂದಳು ಶ್ರೀಮತಿ. ಸರಿ, ದಿನಾ ಸಂಜೆ ಕಲಿಸುವುದೆಂದು ರಾಜಿಯಾಯಿತು. ಆದರೆ ಆಫೀಸಿನಲ್ಲಿ ಅಕೌಂಟ್ಸ್ ನೋಡಿ ಸುಸ್ತಾಗಿ, ಥಾಣೆಯಿಂದ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದ ಮನುಷ್ಯ ಭಿನ್ನರಾಶಿ ಕಲಿಸುವುದುಂಟೇ? ಪೆಟ್ಟಿಗೆಗಳು ಟೇಪು ಸಮೇತ ಬೆಡ್‌ರೂಮಿನ ಕಪಾಟಿನ ಮುಂದೆ ಬೀಡುಬಿಟ್ಟವು. ಅಂದಿನಿಂದ ಕಪಾಟಿನ ಒಂದೇ ಬಾಗಿಲು ತೆರೆಯುವುದು. ಶ್ರೀಮತಿ ಆ ಬಾಗಿಲಿಗೆ ಸಿಗುವ ಸೀರೆಗಳನ್ನಷ್ಟೇ ಉಡುತ್ತಾಳೆ. ರೇಷ್ಮೆ ಸೀರೆಗಳೆಲ್ಲ ಇನ್ನೊಂದು ಬಾಗಿಲಿನ ಹಿಂದೆ ಇವೆ.

ಇಷ್ಟೇ ಆಗಿದ್ದರೆ ಪೆಟ್ಟಿಗೆಗಳು ಎಂದೋ ಮಾರಾಟವಾಗುತ್ತಿದ್ದವು. ನಡುವೆ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಬಂತು. ಬರಬೇಕಿದ್ದ ಭಾಷಣಕಾರರು ಬರಲಿಲ್ಲ, ಮೈಕು ನನ್ನ ಕೈಗೆ ಬಂತು. ಮೈಕು ಹಿಡಿದ ಮೇಲೆ ನನಗೆ ನಾನೇ ಸಿಗುವುದಿಲ್ಲ. "ಶಾಲೆ ಯಾಕೆ ಬೇಕು? ನಮ್ಮ ಮನೆಯೇ ಶಾಲೆ, ನಾನೇ ಮೇಷ್ಟ್ರು. ನನ್ನ ಮಗಳನ್ನು ನೋಡಿ!" ಎಂದು ಗುಡುಗಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿದ್ದ ಶ್ರೀಮತಿ ಮಾತ್ರ ತಲೆಯೆತ್ತಿ ಫ್ಯಾನು ನೋಡುತ್ತಿದ್ದಳು.

ಆದ್ದರಿಂದ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೊಚ್ಚ ಹೊಸ ಪುಸ್ತಕ ಮಾರಾಟಕ್ಕಿದೆ ಎಂದು ಹಾಕುವಂತಿರಲಿಲ್ಲ. "ಮಗಳು ಸಂತೋಷದಿಂದ ಕಲಿತು ಮುಗಿಸಿದ ಹೋಮ್‌ಸ್ಕೂಲ್ ಪುಸ್ತಕಗಳು, ಬೇಕಾದವರು ತಿಳಿಸಿ" ಎಂದು ಹಾಕಿದೆ. ತಾಯಿ ಮಗಳು ಬದಲಾಪುರಕ್ಕೆ ಒಂದು ಸೀಮಂತಕ್ಕೆ ಹೊರಟರು. ಅವರು ಲಿಫ್ಟಿನಿಂದ ಇಳಿಯುವ ಮೊದಲೇ ಫೋನು ಬಂತು.

"ರಾಯರೇ, ನಾನು ಕೋಪರಖೈರಣೆಯಿಂದ ಜಯಶೀಲ. ನಿಮ್ಮ ಭಾಷಣ ಕೇಳಿದ ಮೇಲೆ ಮಗನನ್ನು ಶಾಲೆ ಬಿಡಿಸುದೇ ಅಂತ ಮಾಡಿದ್ದೇನೆ. ಪುಸ್ತಕ ನಂಗೇ ಬೇಕು. ನಿಮ್ಮ ಮಗಳು ಬರೆದದ್ದು ಒಮ್ಮೆ ನೋಡಿದ್ರೆ ಧೈರ್ಯ ಬರ್ತದೆ. ಸಂಜೆ ಬರ್ಲಾ?"

"ಇವತ್ತು ಭಾನುವಾರ ಅಲ್ವಾ ಅಮ್ಮ, ಮೆಗಾಬ್ಲಾಕ್ ಇರ್ತದೆ, ಹಳಿ ರಿಪೇರಿಗೆ ಟ್ರೈನ್ ನಿಲ್ಲಿಸ್ತಾರೆ."

"ಇಲ್ಲ ರಾಯರೇ, ನೋಡಿದೆ. ಇವತ್ತು ಟ್ರೈನ್ ಸರಿ ಉಂಟು."

ಜೀವನದಲ್ಲಿ ಮೊದಲ ಬಾರಿಗೆ ಮೆಗಾಬ್ಲಾಕ್ ಬೇಡಿದೆ, ಅವತ್ತೇ ರೈಲ್ವೆಯವರು ಕೈಕೊಟ್ಟರು. ಫೋನು ಇನ್ನೂ ಕಿವಿಯಲ್ಲಿತ್ತು. ಆಗಲೇ ನಿಜ ಹೇಳಿ ಮುಗಿಸಬಹುದಿತ್ತು. ನಾನು "ಬನ್ನಿ ಬನ್ನಿ" ಎಂದೆ.

ಅಡುಗೆಮನೆಯ ಚೂರಿ ತಂದು ಟೇಪು ಕೊಯ್ದೆ. ಒಳಗಿನಿಂದ ಹೊಸ ಪುಸ್ತಕದ ವಾಸನೆ ಘಮ್ಮೆಂದು ಬಂದು ನನ್ನ ಮಾನ ಕಳೆಯಿತು. ಪುಟಗಳ ಮೂಲೆ ಮಡಚಿದೆ. ರಟ್ಟುಗಳನ್ನು ನೆಲಕ್ಕೆ ಉಜ್ಜಿದೆ. ಚಹಾ ಚಿಮುಕಿಸಿದೆ. ಬೆರಳಿಗೆ ಅರಸಿನ ಹಚ್ಚಿ ವಿಜ್ಞಾನದ ಮೇಲೆ ಒತ್ತಿದೆ. ಆಮೇಲೆ ಅಭ್ಯಾಸ ಪುಸ್ತಕ ಬಿಡಿಸಿ, ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಒಂಬತ್ತು ವರ್ಷದ ಹುಡುಗಿಯಾಗಿ ಉತ್ತರ ಬರೆಯಲು ಕುಳಿತೆ. ಮಗು ಎಂದ ಮೇಲೆ ತಪ್ಪು ಮಾಡಬೇಕಲ್ಲ? ಅಲ್ಲಲ್ಲಿ ಬೇಕೆಂದೇ ತಪ್ಪು ಬರೆದೆ. ಉಳಿದದ್ದನ್ನು ನನ್ನ ಸ್ವಂತ ಬುದ್ಧಿಯಿಂದ ಬರೆದೆ. ಮಧ್ಯಾಹ್ನದ ಊಟವನ್ನೂ ಮರೆತು ದುಡಿದೆನೆಂದರೆ ನೀವು ನಂಬಬೇಕು. ಅಷ್ಟು ಹೊತ್ತು ಮಗಳಿಗೇ ಕಲಿಸಿದ್ದರೆ ಅವಳು ಒಂದು ಪಾಠವನ್ನಾದರೂ ಕಲಿಯುತ್ತಿದ್ದಳು.

ಜಯಶೀಲ ಬಂದು ಕುಳಿತರು. ಹಿಂದೆಯೇ ಶ್ರೀಮತಿ, ಸಂಜನಾ ಒಳಗೆ ಬಂದರು. ಚಹಾ ಕುಡಿದ ಪುಸ್ತಕಗಳನ್ನು ಶ್ರೀಮತಿ ನೋಡಿದಳು. ನನ್ನ ಹಳದಿ ಬೆರಳನ್ನೂ ನೋಡಿದಳು. ಅತಿಥಿಗೆ ನೀರು ತರಲು ಹೋದಳು.

ಜಯಶೀಲ ಅಭ್ಯಾಸ ಪುಸ್ತಕದ ಪುಟ ತಿರುಗಿಸುತ್ತ ಹೋದರು. ಅವರ ಮುಖ ಇಳಿಯುತ್ತ ಹೋಯಿತು. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂಬಲ್ಲಿಗೆ ಬಂದರು. 'ಈಸ್ಟಿನಲ್ಲಿ, ಸ್ಟೇಷನ್ನಿನ ಆಚೆ ಬದಿಗೆ' ಎಂದು ಬರೆದಿದ್ದೆ. ಅದನ್ನು ಮಗುವಿನ ಮುದ್ದು ಎಂದು ನಕ್ಕು ಬಿಟ್ಟರು. ಗಣಿತದಲ್ಲಿ ನಗಲಿಲ್ಲ. ಸಂಜನಾಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ಒಂದು ಬೈ ಎರಡಕ್ಕೆ ಒಂದು ಬೈ ಮೂರು ಕೂಡಿದ್ರೆ ಎರಡು ಬೈ ಐದಾ ಮಗಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಡಿಮೆ ಆಗ್ತದಾ?"

ಅದು ನಾನು ಬೇಕೆಂದು ಬರೆದ ತಪ್ಪಾಗಿರಲಿಲ್ಲ.

ಸಂಜನಾ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. ಶಾಲೆಯಲ್ಲಿ ಗಣಿತದಲ್ಲಿ ಮೊದಲು ಬರುವವಳು ಅವಳು. ಅವಳಿಗೆ ಎಲ್ಲ ಅರ್ಥವಾಯಿತು.

"ಮೈಂನೇ ಹೀ ಲಿಖಾ ಆಂಟಿ," ಎಂದಳು. "ಮೇರಾ ಮ್ಯಾಥ್ಸ್ ಕಚ್ಚಾ ಹೈ." ತಾನೇ ಬರೆದದ್ದು, ತನಗೆ ಲೆಕ್ಕ ಬರುವುದಿಲ್ಲ ಅಂತ.

ಜಯಶೀಲ ಅವಳ ತಲೆ ಸವರಿ ಎದ್ದರು. "ಬೇಜಾರು ಮಾಡ್ಬೇಡಿ ರಾಯರೇ. ನನ್ನ ಮಗ ಶಾಲೆಯಲ್ಲೇ ಇರ್ಲಿ. ನೀವು ಸಹ ಈ ಮಗುವನ್ನು ಯಾವುದಾದ್ರೂ ಒಂದು ಶಾಲೆಗೆ ಹಾಕಿ. ದಡ್ಡಿ ಆದ್ರೂ ಒಳ್ಳೆ ಹುಡುಗಿ."

ಬಾಗಿಲು ಮುಚ್ಚಿತು. ಸಂಜನಾ ತಲೆ ತಗ್ಗಿಸಿ ಒಳಗೆ ಹೋದಳು. ಅಳಲಿಲ್ಲ, ಜಗಳ ಮಾಡಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

"ನಿಮ್ಮ ಮರ್ಯಾದೆ ಅವಳು ಉಳಿಸಿದ್ಲು," ಎಂದಳು ಶ್ರೀಮತಿ. "ಅವಳದ್ದು ಯಾರು ಉಳಿಸ್ಬೇಕು?"

ನನಗೆ ನಾಚಿಕೆಯಾಯಿತು. ನಗಿಸಲಿಕ್ಕೆ ಹೇಳುವ ಮಾತಲ್ಲ ಇದು, ನಿಜಕ್ಕೂ ನೆಲಕ್ಕೆ ಇಳಿದುಹೋದೆ. ಚಪ್ಪಲಿ ಕೂಡ ಹಾಕದೆ ಮೆಟ್ಟಿಲು ಇಳಿದು, ಲುಂಗಿ ಎತ್ತಿಕಟ್ಟಿ ರಸ್ತೆಗೆ ಓಡಿದೆ. ಜಯಶೀಲ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತಿದ್ದರು.

"ಅಮ್ಮಾ, ಅದು ಮಗಳು ಬರೆದದ್ದಲ್ಲ, ನಾನು ಬರೆದದ್ದು. ಅವಳು ಶಾಲೆಗೆ ಹೋಗ್ತಾಳೆ. ಗಣಿತದಲ್ಲಿ ಅವಳೇ ಫಸ್ಟು. ನಾನು ಅವಳಿಗೆ ಒಂದಕ್ಷರ ಕಲಿಸಿದವನಲ್ಲ," ಎಂದು ಏದುಸಿರಿನಲ್ಲಿ ಒದರಿದೆ. ಸಾಲಿನವರೆಲ್ಲ ತಿರುಗಿ ನೋಡಿದರು.

ಜಯಶೀಲ ಅವರ ಕಣ್ಣು ತುಂಬಿತು. "ಅಪ್ಪ ಅಂದ್ರೆ ಹೀಗಿರ್ಬೇಕು ರಾಯರೇ. ಮಗಳ ತಪ್ಪನ್ನು ನಿಮ್ಮ ಮೈಮೇಲೆ ಹಾಕ್ಕೊಳ್ತೀರಲ್ಲ."

"ಅಯ್ಯೋ, ಇಲ್ಲಮ್ಮ, ನಿಜ."

"ಸುಮ್ಮನಿರಿ ನೀವು. ಅಕೌಂಟ್ಸಿನಲ್ಲಿ ಕೆಲಸ ಮಾಡುವವರು ಮಕ್ಕಳ ಲೆಕ್ಕ ತಪ್ಪುದುಂಟಾ?"

ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ರಿಕ್ಷಾ ಬಂತು. ನಾನು ಅದರ ಸರಳು ಹಿಡಿದು ನಿಂತೆ. ಕೊನೆಗೆ ಅವರೇ ಬೇಸತ್ತು ಕೇಳಿದರು. "ಹಾಗಾದ್ರೆ ಹೇಳಿ ನೋಡುವ. ಒಂದು ಬೈ ಎರಡಕ್ಕೆ ಒಂದು ಬೈ ಐದು ಕೂಡಿದ್ರೆ ಎಷ್ಟು?"

ನಾನು ನಾಟಕ ಮಾಡಲಿಲ್ಲ. ಕಣ್ಣು ಮುಚ್ಚಿ, ಬೆರಳು ಮಡಚಿ, ಪೂರ್ತಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ.

"ಎರಡು ಬೈ ಏಳು."

ಜಯಶೀಲ ನನ್ನನ್ನೇ ನೋಡಿದರು. ರಿಕ್ಷಾದವನೂ ತಿರುಗಿ ನೋಡಿದ.

"ನಂಬಿದೆ," ಎಂದರು ಜಯಶೀಲ. "ಮಗುವಿಗೆ ನಾನು ಸಾರಿ ಹೇಳಿದೆ ಅಂತ ಹೇಳಿ. ಮತ್ತೆ ಆ ಪುಸ್ತಕ ಮಾತ್ರ ಯಾರಿಗೂ ಮಾರ್ಬೇಡಿ ರಾಯರೇ. ನಿಮಗೇ ಬೇಕಾಗ್ತದೆ."